ಹೂವರ್ ಅಣೆಕಟ್ಟು: ಸುರಂಗದ ಪ್ರವಾಸಕ್ಕೆ ಆನ್‌ಲೈನ್ ಟಿಕೆಟ್ ಏಕೆ ಕಾಣುತ್ತಿಲ್ಲ?
ಅಮೆರಿಕದ ನೆವಾಡಾ ಮತ್ತು ಅರಿಜೋನಾ ರಾಜ್ಯಗಳ ಗಡಿಯಲ್ಲಿರುವ ಹೂವರ್ ಅಣೆಕಟ್ಟಿಗೆ ತಂದೆಯೊಂದಿಗೆ ಹೋಗಲಿದ್ದೇವೆ, ಸುರಂಗದ ಪ್ರವಾಸಕ್ಕೆ ಆನ್‌ಲೈನ್‌ನಲ್ಲಿ ಟಿಕೆಟ್ ಕಾಣುತ್ತಿಲ್ಲ ಎಂದು ಕೇಳಿದ್ದೀರಿ. ನಿಮಗೆ ಜಾಲತಾಣದಲ್ಲಿ ಕಾಣುತ್ತಿರುವುದು ಬಹುಶಃ ವಿದ್ಯುದಾಗಾರದ ಪ್ರವಾಸ ಮಾತ್ರ. ಅಣೆಕಟ್ಟಿನ ಒಳಸುರಂಗಗಳನ್ನು ತೋರಿಸುವ ಚಿಕ್ಕ ಗುಂಪಿನ ಪ್ರವಾಸಕ್ಕೆ ನಾನು ಹೋದಾಗ ಟಿಕೆಟ್ ಸ್ಥಳದಲ್ಲೇ, ಮೊದಲು ಬಂದವರಿಗೆ ಮೊದಲು ಎಂಬಂತೆ ಕೊಡುತ್ತಿದ್ದರು. ಹೊರಡುವ ಮುನ್ನ ಈಗಿನ ನಿಯಮವನ್ನು ಒಮ್ಮೆ ನೋಡಿಕೊಳ್ಳಿ.

ಲಾಸ್ ವೇಗಸ್‌ನಿಂದ ಬೆಳಗ್ಗೆಯೇ ಹೊರಟು ಕೌಂಟರ್ ತೆರೆಯುವ ಮೊದಲೇ ತಲುಪಿ. ದೊಡ್ಡ ಬ್ಯಾಗುಗಳನ್ನು ಒಳಗೆ ಬಿಡುವುದಿಲ್ಲ, ಕಾರಿನಲ್ಲೇ ಇಡಿ. ತಪಾಸಣೆ ಮುಗಿದ ಕೂಡಲೇ ನೇರವಾಗಿ ಟಿಕೆಟ್‌ಗೆ ಹೋಗಿ, ಪ್ರದರ್ಶನಗಳನ್ನು ಆಮೇಲೆ ನೋಡಬಹುದು. ಗಡಿಯಾರದ ಬಗ್ಗೆ ಎಚ್ಚರ: ಚಳಿಗಾಲದಲ್ಲಿ ಅರಿಜೋನಾ ಕಡೆಯ ಸಮಯ ಒಂದು ಗಂಟೆ ಮುಂದಿರುತ್ತದೆ, ಮೊಬೈಲ್ ಅದನ್ನೇ ತೋರಿಸಿಬಿಡಬಹುದು. ಪ್ರವಾಸ ನಡೆಯುವುದು ನೆವಾಡಾ ಸಮಯಕ್ಕೆ.

ತಂದೆಗೆ ಇಕ್ಕಟ್ಟಿನ ಜಾಗದಲ್ಲಿ ಉಸಿರು ಕಟ್ಟಿದಂತಾಗುತ್ತದೆ ಎಂದಿದ್ದೀರಿ. ಹಾಗಿದ್ದರೆ ದಯವಿಟ್ಟು ಅವರನ್ನು ಸುರಂಗಕ್ಕೆ ಕರೆದೊಯ್ಯಬೇಡಿ, ವಿದ್ಯುದಾಗಾರದ ಪ್ರವಾಸವೂ ಇಕ್ಕಟ್ಟಿನ ಜಾಗದಲ್ಲೇ ನಡೆಯುವುದರಿಂದ ಅದೂ ಅವರಿಗೆ ಬೇಡ.