ಇನ್ಸುಲಿನ್ ಚುಚ್ಚಿಕೊಂಡಾಗ ತುಂಬಾ ನೋಯುತ್ತದೆ. ಬೇರೆ ದಾರಿ ಇದೆಯೇ?

ಇದೆ. ಆದರೆ ಮೊದಲು ಸೂಜಿ ಬದಲಿಸಿ ನೋಡಿ, ಹಲವರ ನೋವು ಅಲ್ಲೇ ತಗ್ಗುತ್ತದೆ. ಒಮ್ಮೆ ಬಳಸಿದ ಸೂಜಿಯ ತುದಿ ಮೊಂಡಾಗುತ್ತದೆ. ಉದ್ದದ ಸೂಜಿ ಸ್ನಾಯುವಿಗೆ ತಾಗಬಹುದು. 4 ಮಿ.ಮೀ. ಪೆನ್ ಸೂಜಿ ತೆಗೆದುಕೊಳ್ಳಿ, ಪ್ರತಿ ಸಲ ಹೊಸದು. ದಪ್ಪ ಮೈಯವರಿಗೂ ಅಷ್ಟು ಉದ್ದ ಸಾಕು.

ಫ್ರಿಜ್‌ನಿಂದ ತೆಗೆದ ಇನ್ಸುಲಿನ್ ಅರ್ಧ ಗಂಟೆ ಹೊರಗಿರಲಿ, ತಣ್ಣಗಿದ್ದರೆ ಉರಿಯುತ್ತದೆ. ಸ್ಪಿರಿಟ್ ಹಚ್ಚಿದ್ದರೆ ಪೂರ್ತಿ ಆರಬೇಕು. ಗಂಟುಕಟ್ಟಿದ ಜಾಗದಲ್ಲಿ ನೋವು ಕಡಿಮೆ ಅಂತ ಅಲ್ಲೇ ಚುಚ್ಚಬೇಡಿ, ದಯವಿಟ್ಟು: ಔಷಧಿ ಸರಿಯಾಗಿ ಹೀರಿಕೊಳ್ಳದೆ ಸಕ್ಕರೆ ಏರುಪೇರಾಗುತ್ತದೆ. ಪ್ರತಿ ಸಲ ಹಿಂದಿನ ಜಾಗದಿಂದ ಒಂದು ಬೆರಳಗಲ ದೂರ ಚುಚ್ಚಿ.

ಗ್ಲಾರ್ಜಿನ್ ಎಂಬ ದೀರ್ಘಕಾಲ ಕೆಲಸ ಮಾಡುವ ಇನ್ಸುಲಿನ್ ಆಮ್ಲೀಯ ದ್ರಾವಣ, ಕೆಲವರಿಗೆ ಅದೇ ಉರಿ; ಬದಲಿ ಇನ್ಸುಲಿನ್ ಬಗ್ಗೆ ಡಾಕ್ಟರನ್ನು ಕೇಳಿ. ಇಷ್ಟಾದರೂ ಆಗದಿದ್ದರೆ ಇನ್ಸುಲಿನ್ ಪಂಪ್ (ಚರ್ಮದಡಿಗೆ ಸಣ್ಣ ನಳಿಕೆಯಿಂದ ಇನ್ಸುಲಿನ್ ಹರಿಸುವ ಸಾಧನ): ಸಾಮಾನ್ಯವಾಗಿ 2–3 ದಿನಕ್ಕೊಮ್ಮೆ ಮಾತ್ರ ಚುಚ್ಚು. ನೋವೆಂದು ಡೋಸ್ ಮಾತ್ರ ಬಿಡಬೇಡಿ.