ಸೋತ ಕೇಸಿನಿಂದಲೇ ಪಾಠ ಶುರುವಾಗಲಿ

ಈ ಸಲ ಬಂದ ಪತ್ರಗಳಲ್ಲಿ ಐದು ಒಂದೇ ವಿಷಯದ ಸುತ್ತ ಇವೆ. ಪೊಲೀಸರು, ಸರ್ಕಾರಿ ಅಭಿಯೋಜಕರು, ಜೈಲು ಸಿಬ್ಬಂದಿಗೆ ಕೆಲಸದಲ್ಲಿರುವಾಗಲೇ ಕೊಡುವ ತರಬೇತಿ. ನಾನೂ ಕೆಲವು ವರ್ಷ ಇಂಥ ಕೋರ್ಸ್‌ಗಳ ಉಸ್ತುವಾರಿ ನೋಡಿದವನು. ಹಾಗಾಗಿ ಈ ಬಾರಿಯ ಅಂಕಣ ಪೂರ್ತಿ ಅದಕ್ಕೇ.

ಪ್ರಶ್ನೆ: ನಾನು ಡಿವೈಎಸ್‌ಪಿ. ಈಚೆಗೆ ತರಬೇತಿ ಶಾಲೆಯೊಂದಕ್ಕೆ ಬಂದಿದ್ದೇನೆ. ಎಎಸ್‌ಐ, ಹೆಡ್ ಕಾನ್‌ಸ್ಟೆಬಲ್‌ಗಳಿಗೆ ಆರು ದಿನದ ರಿಫ್ರೆಶರ್ ಕೋರ್ಸ್ ನಡೆಸಬೇಕು. ಹೊಸ ಕಾನೂನಿನ ಬಗ್ಗೆ ಪಿಪಿಟಿ ಹಾಕಿದರೆ ಊಟ ಆದಮೇಲೆ ಅರ್ಧ ಕ್ಲಾಸ್ ತೂಕಡಿಸುತ್ತದೆ. ಹೆಚ್ಚಿನವರು ಐವತ್ತರ ಆಸುಪಾಸು. ಏನು ಮಾಡಲಿ?

ಉತ್ತರ: ತೂಕಡಿಸುವವರ ಮೇಲೆ ಸಿಟ್ಟಾಗಬೇಡಿ ಸರ್. ಅವರಲ್ಲಿ ಎಷ್ಟೋ ಜನ ಹಿಂದಿನ ರಾತ್ರಿ ಡ್ಯೂಟಿ ಮುಗಿಸಿ ಬೆಳಗ್ಗೆ ಬಸ್ ಹತ್ತಿ ಬಂದಿರುತ್ತಾರೆ. ಮೊದಲ ದಿನ ಮಧ್ಯಾಹ್ನ ಕ್ಲಾಸ್ ಇಡಲೇಬೇಡಿ, ಮಲಗಲಿ.

ಇನ್ನು ವಿಷಯಕ್ಕೆ ಬರೋಣ. 2024ರ ಜುಲೈ 1ರಿಂದ ಐಪಿಸಿ, ಸಿಆರ್‌ಪಿಸಿ, ಸಾಕ್ಷ್ಯ ಕಾಯ್ದೆಗಳ ಜಾಗಕ್ಕೆ ಮೂರು ಹೊಸ ಕಾನೂನು ಬಂದವು: ಭಾರತೀಯ ನ್ಯಾಯ ಸಂಹಿತೆ, ನಾಗರಿಕ ಸುರಕ್ಷಾ ಸಂಹಿತೆ, ಸಾಕ್ಷ್ಯ ಅಧಿನಿಯಮ. ಅವತ್ತಿನಿಂದ ನಮ್ಮ ತರಬೇತಿ ಅಂದರೆ ಸೆಕ್ಷನ್ ನಂಬರ್ ಬಾಯಿಪಾಠ ಅನ್ನುವ ಹಾಗಾಗಿದೆ. ಕೊಲೆಗೆ 302 ಹೋಗಿ 103 ಆಯ್ತು, ವಂಚನೆಗೆ 420 ಹೋಗಿ 318 ಆಯ್ತು, ಸರಿ. ಅದು ಒಂದು ಹಾಳೆಯಲ್ಲಿ ಹಿಡಿಯುವ ವಿಷಯ. ಮೊಬೈಲ್‌ನಲ್ಲಿ ಎನ್‌ಸಿಆರ್‌ಬಿಯ (ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ) 'ಸಂಕಲನ್' ಆ್ಯಪ್ ಇದ್ದರೆ ಹಳೆಯದು ಹೊಸದು ಎರಡನ್ನೂ ಪಕ್ಕಪಕ್ಕ ನೋಡಬಹುದು. ಅದಕ್ಕೆ ಆರು ದಿನ ಖರ್ಚು ಮಾಡಬೇಡಿ. ಒಂದು ಮಾತು ಮಾತ್ರ ಒತ್ತಿ ಹೇಳಿ: ಜುಲೈ 1ಕ್ಕಿಂತ ಮುಂಚೆ ನಡೆದ ಅಪರಾಧಕ್ಕೆ ಈಗಲೂ ಐಪಿಸಿಯೇ. ಹಾಗಾಗಿ ಹಳೆ ಪುಸ್ತಕವನ್ನು ಯಾರೂ ರದ್ದಿಗೆ ಹಾಕುವ ಹಾಗಿಲ್ಲ.

ನಿಜವಾಗಿ ಕಷ್ಟವಾಗುವುದು ಕೈಯಲ್ಲಿ ಮಾಡುವ ಕೆಲಸ. ನಾಗರಿಕ ಸುರಕ್ಷಾ ಸಂಹಿತೆಯ 105ನೇ ಸೆಕ್ಷನ್ ಪ್ರಕಾರ ಶೋಧ ಮತ್ತು ಜಪ್ತಿಯನ್ನು ಆಡಿಯೋ ವಿಡಿಯೋ ಮಾಡಬೇಕು, ಅದನ್ನು ತಡಮಾಡದೆ ಮ್ಯಾಜಿಸ್ಟ್ರೇಟರಿಗೆ ಕಳಿಸಬೇಕು. ಇದನ್ನು ಪರದೆಯ ಮೇಲೆ ಓದಿದರೆ ಎರಡು ನಿಮಿಷ. ಮಾಡಿಸಿ ನೋಡಿ. ಹಾಸ್ಟೆಲ್‌ನ ಒಂದು ರೂಮಿನಲ್ಲಿ ಒಂದಿಷ್ಟು ಮಾಲು ಬಚ್ಚಿಡಿ. ಅಡುಗೆಯವರನ್ನೂ ತೋಟದವರನ್ನೂ ಪಂಚರಾಗಿ, ಅಂದರೆ ಸ್ಥಳದ ಸಾಕ್ಷಿಗಳಾಗಿ ಕರೆಯಿರಿ. ಒಬ್ಬ ಎಎಸ್‌ಐ ತನ್ನದೇ ಫೋನ್‌ನಲ್ಲಿ ರೆಕಾರ್ಡ್ ಮಾಡಲಿ, ಇನ್ನೊಬ್ಬರು ಮಹಜರ್ (ಪಂಚರ ಮುಂದೆ ಬರೆಯುವ ಸ್ಥಳದ ವರದಿ) ಬರೆಯಲಿ. ನಾನು ಮಾಡಿಸಿದಾಗ ಕ್ಯಾಮೆರಾ ಪಂಚರ ಕಾಲು ತೋರಿಸುತ್ತಿತ್ತು. ನಡುವೆ ಒಂದು ಫೋನ್ ಬಂದು ವಿಡಿಯೋ ಎರಡು ತುಂಡಾಯಿತು, ಆದರೆ ಮಹಜರಿನಲ್ಲಿ ಅದರ ಮಾತೇ ಇರಲಿಲ್ಲ. ಮಾರನೇ ದಿನ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್‌ನ ಪ್ರಮಾಣಪತ್ರ (ಡಿಜಿಟಲ್ ಸಾಕ್ಷ್ಯದ ಜೊತೆ ಕೊಡಬೇಕಾದದ್ದು) ತುಂಬಲು ಕೂತರು. 'ಎ' ಭಾಗ ತಮ್ಮದು, 'ಬಿ' ಭಾಗ ತಜ್ಞರದ್ದು, ನಡುವೆ ಹ್ಯಾಶ್ ವ್ಯಾಲ್ಯೂ, ಅಂದರೆ ಫೈಲ್ ಬದಲಾಗಿಲ್ಲ ಅಂತ ತೋರಿಸುವ ಡಿಜಿಟಲ್ ಗುರುತು, ಬರೆಯಬೇಕು. ಆಗ ಎಲ್ಲರೂ ಎಚ್ಚರವಾಗಿದ್ದರು. ರಾತ್ರಿ ಊಟಕ್ಕೆ ಕೂತಾಗಲೂ ಅದೇ ಮಾತು.

ಆಮೇಲೆ ನನಗೆ ತುಂಬಾ ಮುಖ್ಯ ಅನ್ನಿಸುವ ಮಾತು. ನಿಮ್ಮದೇ ಜಿಲ್ಲೆಗಳಲ್ಲಿ ಖುಲಾಸೆಯಾದ ಕೇಸುಗಳ ತೀರ್ಪು ತರಿಸಿ. ಇದು ನನ್ನ ಸ್ವಂತ ಐಡಿಯಾ ಅಲ್ಲ. ಗುಜರಾತಿನಲ್ಲಿ ಆರು ವರ್ಷದ ಹುಡುಗಿಯೊಬ್ಬಳ ಅತ್ಯಾಚಾರ, ಕೊಲೆಯ ಪ್ರಕರಣ ಇತ್ತು. ತನಿಖೆಯಲ್ಲೂ ಅಭಿಯೋಜನೆಯಲ್ಲೂ ಲೋಪ ಮೇಲೆ ಲೋಪ. ಆರೋಪಿಯ ಖುಲಾಸೆಯನ್ನು ಸುಪ್ರೀಂ ಕೋರ್ಟ್ ಕೂಡ ಎತ್ತಿಹಿಡಿಯಬೇಕಾಯಿತು. ಆ ಕಿಶನ್‌ಭಾಯಿ ಪ್ರಕರಣದ ತೀರ್ಪು ಬಂದದ್ದು 2014ರ ಜನವರಿಯಲ್ಲಿ. ಕೋರ್ಟ್ ಅಷ್ಟಕ್ಕೇ ನಿಲ್ಲಲಿಲ್ಲ. ಪ್ರತಿ ರಾಜ್ಯದಲ್ಲೂ ಹಿರಿಯ ಅಧಿಕಾರಿಗಳ ಒಂದು ಸಮಿತಿ ಇರಬೇಕು, ಅದು ಖುಲಾಸೆಯಾದ ಕೇಸುಗಳನ್ನು ನೋಡಿ ಎಲ್ಲಿ ತಪ್ಪಾಯಿತು ಅಂತ ಹುಡುಕಬೇಕು, ಆ ತಪ್ಪುಗಳೇ ತನಿಖಾಧಿಕಾರಿಗಳ ಮತ್ತು ಅಭಿಯೋಜಕರ ತರಬೇತಿಗೆ ಪಠ್ಯ ಆಗಬೇಕು, ಆ ಪಠ್ಯವನ್ನು ವರ್ಷಕ್ಕೊಮ್ಮೆ ಪರಿಶೀಲಿಸಬೇಕು ಎಂದು ಹೇಳಿತು. ಒಂದು ಮಗುವಿಗೆ ಸಿಗದ ನ್ಯಾಯದಿಂದ ಬಂದ ಆದೇಶ ಇದು. ಟೈಮ್‌ಟೇಬಲ್ ಹಾಕುವಾಗ ನೆನಪಿರಲಿ.

ಮೇಲ್ಮನವಿ ಮುಗಿದ ತೀರ್ಪುಗಳನ್ನೇ ಆರಿಸಿ. ತನಿಖಾಧಿಕಾರಿಯ ಹೆಸರು, ನೊಂದವರ ಹೆಸರು ಎಲ್ಲ ಅಳಿಸಿ. 'ಈ ಸಾಕ್ಷ್ಯವನ್ನು ನಂಬಲಾಗದು' ಅಂತ ನ್ಯಾಯಾಧೀಶರು ಬರೆದ ಪ್ಯಾರಾ ಮಾತ್ರ ಜೋರಾಗಿ ಓದಿಸಿ. ಎಫ್‌ಐಆರ್ ಕೋರ್ಟಿಗೆ ತಡವಾಗಿ ಹೋಗಿದ್ದು, ಮಾಲಿಗೆ ಸೀಲ್ ಹಾಕಿದ್ದು ಯಾರು ಅಂತ ಯಾರಿಗೂ ಗೊತ್ತಿಲ್ಲದ್ದು, ಲ್ಯಾಬ್‌ಗೆ ಹೋಗುವ ತನಕ ಅದು ಎಲ್ಲಿತ್ತು ಅನ್ನುವುದಕ್ಕೆ ದಾಖಲೆ ಇಲ್ಲದ್ದು. ಮೂವತ್ತು ವರ್ಷ ಸರ್ವಿಸ್ ಆದವರು ತಾವಾಗಿಯೇ ಮಾತಾಡುತ್ತಾರೆ: 'ಸರ್, ನಮ್ಮ ಠಾಣೆಯಲ್ಲೂ ಹೀಗೇ ಆಗಿತ್ತು.' ಆ ಮಾತು ಬಂದಾಗ ಬೈಯಬೇಡಿ. ತಪ್ಪು ಒಪ್ಪಿಕೊಂಡವನಿಗೆ ಕ್ಲಾಸಿನಲ್ಲಿ ಮೆಮೋ ಕೊಟ್ಟರೆ ಇನ್ನೊಬ್ಬ ಬಾಯಿ ಬಿಡುವುದಿಲ್ಲ.

ಕೊನೆಯ ದಿನದ ಫೀಡ್‌ಬ್ಯಾಕ್ ಫಾರಂ ನಂಬಿ ಕೂರಬೇಡಿ. ನನ್ನ ಒಂದು ಬ್ಯಾಚಿನಲ್ಲಿ ಎಲ್ಲರೂ 'ಅತ್ಯುತ್ತಮ' ಅಂತ ಬರೆದುಕೊಟ್ಟಿದ್ದರು. ಮೂರು ತಿಂಗಳಾದ ಮೇಲೆ ಅವರು ಬರೆದ ಮಹಜರುಗಳ ನಕಲು ತರಿಸಿ ನೋಡಿದೆ. ಹಳೆಯ ಅದೇ ಅಚ್ಚು, ಹೆಸರು ದಿನಾಂಕ ಮಾತ್ರ ಬೇರೆ. ಅವತ್ತು ತುಂಬಾ ಬೇಜಾರಾಗಿತ್ತು. ಅಲ್ಲಿಂದ ಮುಂದೆ ಮೂರು ತಿಂಗಳ ನಂತರದ ಮಹಜರನ್ನೇ ಪರೀಕ್ಷೆ ಅಂತ ಇಟ್ಟುಕೊಂಡೆ.

ಪ್ರಶ್ನೆ: ನಾನು ಮಹಿಳಾ ಹೆಡ್ ಕಾನ್‌ಸ್ಟೆಬಲ್. ಮಗಳಿಗೆ ನಾಲ್ಕು ವರ್ಷ. ಒಂದು ವಾರ ತರಬೇತಿಗೆ ಹೋದರೆ ಮನೆಯಲ್ಲೂ ಕಷ್ಟ, ಬಂದಮೇಲೆ ಠಾಣೆಯಲ್ಲಿ ಕೆಲಸ ರಾಶಿ. 'ರಜಾ ಮಜಾ ಮುಗೀತಾ' ಅಂತ ಮಾತು ಬೇರೆ.

ಉತ್ತರ: ನಿಮ್ಮ ಮಾತು ಪೂರ್ತಿ ಒಪ್ಪುತ್ತೇನೆ ಮೇಡಂ. ತರಬೇತಿಯೂ ಡ್ಯೂಟಿಯೇ. ಹೋಗುವ ಮುಂಚೆ ನಿಮ್ಮ ಕೈಯಲ್ಲಿರುವ ಕೇಸುಗಳನ್ನು ಯಾರಿಗೆ ವಹಿಸುತ್ತಾರೆ ಅಂತ ಇನ್‌ಸ್ಪೆಕ್ಟರ್ ಅವರನ್ನು ಬರವಣಿಗೆಯಲ್ಲಿ ಕೇಳಿ, ತಪ್ಪೇನಿಲ್ಲ. ಆದರೆ ಇದು ನಿಮ್ಮೊಬ್ಬರ ಹೆಗಲ ಮೇಲೆ ಹಾಕುವ ವಿಷಯ ಅಲ್ಲ, ಕೋರ್ಸ್ ನಡೆಸುವವರದ್ದು. ಗಣೇಶ ಹಬ್ಬ, ದಸರಾ, ಚುನಾವಣೆ ಬಂದೋಬಸ್ತ್ ಹೊತ್ತಿಗೆ ಕೋರ್ಸ್ ಇಟ್ಟರೆ ಠಾಣೆಯವರು ಕಳಿಸುವುದು ಯಾರನ್ನು? ಬಿಟ್ಟು ಕೊಡಬಹುದಾದವರನ್ನು. ಕಲಿಯಬೇಕಾದವರು ಉಳಿದುಬಿಡುತ್ತಾರೆ. ಚಿಕ್ಕ ಮಕ್ಕಳಿರುವವರಿಗೆ ಜಿಲ್ಲಾ ಕೇಂದ್ರದಲ್ಲೇ ಮೂರು ಮೂರು ದಿನದ ಎರಡು ಕಂತು ಮಾಡಬಹುದು, ಸಂಜೆ ಮನೆಗೆ ಹೋಗುವ ಹಾಗೆ. ಅಲ್ಲಿ ಇಲ್ಲಿ ಒಬ್ಬಿಬ್ಬರು ಎಸ್‌ಪಿಗಳು ಮನಸ್ಸು ಮಾಡಿದರೆ ಸಾಕು, ಆಗುವ ಕೆಲಸ.

ಪ್ರಶ್ನೆ: ನಾನು ಎಪಿಪಿ (ಸಹಾಯಕ ಸರ್ಕಾರಿ ಅಭಿಯೋಜಕ). ಪೊಲೀಸರ ಜೊತೆ ಒಂದೇ ಕ್ಲಾಸಿನಲ್ಲಿ ಕೂರಿಸುತ್ತಾರೆ. ನಮ್ಮ ಸ್ವತಂತ್ರ ಸ್ಥಾನಕ್ಕೆ ಇದರಿಂದ ಧಕ್ಕೆ ಅಲ್ವಾ?

ಉತ್ತರ: ಅಭಿಯೋಜನೆ ಪೊಲೀಸ್ ಇಲಾಖೆಯಿಂದ ಬೇರೆ ಇರಬೇಕು ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ನಿಮ್ಮ ಆತಂಕ ನ್ಯಾಯವಾದದ್ದೇ. ಆದರೆ ಜೊತೆಗೆ ಕಲಿಯುವುದು ಬೇರೆ, ಅವರ ಕೈಕೆಳಗೆ ಇರುವುದು ಬೇರೆ. ವಿಚಾರಣೆಯಲ್ಲಿರುವ ಯಾವ ಕೇಸಿನ ಮಾತೂ ಆ ಕೋಣೆಯಲ್ಲಿ ಬರಬಾರದು, ಇಷ್ಟು ಗೆರೆ ಹಾಕಿಕೊಳ್ಳಿ. ಅದರಾಚೆ, ಮೇಲೆ ಹೇಳಿದ ಅಣಕು ಮಹಜರ್ ಆದಮೇಲೆ ಆ ಎಎಸ್‌ಐಯನ್ನು ಕಟಕಟೆಯಲ್ಲಿ ನಿಲ್ಲಿಸಿ ಪಾಟೀಸವಾಲು ಮಾಡಲು ನಿಮಗಿಂತ ಒಳ್ಳೆಯವರು ಯಾರಿದ್ದಾರೆ? ಕೋರ್ಟಿನಲ್ಲಿ ಬಿದ್ದುಹೋಗುವ ಬದಲು ಕ್ಲಾಸಿನಲ್ಲೇ ಬೀಳಲಿ. ದಯವಿಟ್ಟು ಹೋಗಿ.

ಪ್ರಶ್ನೆ: ಜೈಲು ಸಿಬ್ಬಂದಿಗೆ ತರಬೇತಿ ಅಂದರೆ ಡ್ರಿಲ್, ಲಾಠಿ ಅಷ್ಟೇನಾ?

ಉತ್ತರ: ಅಲ್ಲ. ದಕ್ಷಿಣದ ರಾಜ್ಯಗಳ ಜೈಲು ಅಧಿಕಾರಿಗಳಿಗೆಂದೇ ವೆಲ್ಲೂರಿನಲ್ಲಿ 1979ರಿಂದ ಒಂದು ಅಕಾಡೆಮಿ ಇದೆ. ಆದರೆ ಕೆಳಹಂತದ ಸಿಬ್ಬಂದಿಗೆ ಕಲಿಸಬೇಕಾದ ಒಂದು ಲೆಕ್ಕ ಇದೆ, ಅದು ತುರ್ತು. ನಾಗರಿಕ ಸುರಕ್ಷಾ ಸಂಹಿತೆಯ 479ನೇ ಸೆಕ್ಷನ್ ನೋಡಿ. ಹಿಂದೆ ಯಾವ ಅಪರಾಧದಲ್ಲೂ ದೋಷಿ ಅಂತ ತೀರ್ಪಾಗದವರು ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ವಿಚಾರಣಾಧೀನರಾಗಿ ಕಳೆದರೆ ಬಾಂಡ್ ಮೇಲೆ ಬಿಡಬೇಕು. ಉಳಿದವರಿಗೆ ಅರ್ಧ ಭಾಗದ ನಿಯಮ. ಮರಣದಂಡನೆ, ಜೀವಾವಧಿ ಇರುವ ಅಪರಾಧಕ್ಕೆ, ಒಂದಕ್ಕಿಂತ ಹೆಚ್ಚು ಕೇಸು ಇದ್ದವರಿಗೆ ಇದು ಸಿಗುವುದಿಲ್ಲ. ಅವಧಿ ತುಂಬಿದ ಕೂಡಲೇ ಕೋರ್ಟಿಗೆ ಬರೆಯಬೇಕಾದದ್ದು ಜೈಲು ಸೂಪರಿಂಟೆಂಡೆಂಟ್. ಹಳೆಯ ಕೇಸುಗಳಿಗೂ ಇದು ಅನ್ವಯ ಎಂದು ಸುಪ್ರೀಂ ಕೋರ್ಟ್ 2024ರ ಆಗಸ್ಟ್‌ನಲ್ಲಿ ಹೇಳಿದೆ. ರಿಜಿಸ್ಟರ್ ಹಿಡಿದು ದಿನ ಎಣಿಸುವ ಗುಮಾಸ್ತರಿಗೆ ಇದು ಗೊತ್ತಿಲ್ಲದಿದ್ದರೆ ಒಬ್ಬ ಬಡವ ಸುಮ್ನೆ ಒಳಗೇ ಉಳಿಯುತ್ತಾನೆ.

ಪ್ರಶ್ನೆ: ನಾನು ಶಾಲಾ ಶಿಕ್ಷಕಿ. ಇವರಿಗೆಲ್ಲ ತರಬೇತಿ ಆಗಿದೆಯೋ ಇಲ್ಲವೋ ನಮ್ಮಂಥವರಿಗೆ ಹೇಗೆ ಗೊತ್ತಾಗಬೇಕು?

ಉತ್ತರ: ಠಾಣೆಗೆ ಹೋದಾಗ ಗೊತ್ತಾಗುತ್ತದೆ ಮೇಡಂ. ದೂರು ಕೊಟ್ಟಾಗ ಎಫ್‌ಐಆರ್ ನಕಲನ್ನು ದುಡ್ಡಿಲ್ಲದೆ ಕೊಟ್ಟರಾ ನೋಡಿ. 'ಇದು ನಮ್ಮ ಸರಹದ್ದು ಅಲ್ಲ' ಅಂತ ವಾಪಸ್ ಕಳಿಸಿದರಾ ನೋಡಿ, ಹಾಗೆ ಕಳಿಸುವ ಹಾಗಿಲ್ಲ, ಝೀರೋ ಎಫ್‌ಐಆರ್ (ಸರಹದ್ದು ನೋಡದೆ ದಾಖಲಿಸುವ ಎಫ್‌ಐಆರ್) ಹಾಕಬೇಕು. ಸಾಕ್ಷಿ ಹೇಳಿಕೆಗೆ ಹೆಂಗಸರನ್ನು, ಹದಿನೈದು ವರ್ಷದ ಒಳಗಿನ ಮಕ್ಕಳನ್ನು, ಅರವತ್ತು ದಾಟಿದವರನ್ನು ಠಾಣೆಗೆ ಕರೆಸಬಾರದು, ಅವರಿದ್ದಲ್ಲಿಗೇ ಬರಬೇಕು. ತನಿಖೆ ಎಲ್ಲಿಗೆ ಬಂತು ಅಂತ ತೊಂಬತ್ತು ದಿನದೊಳಗೆ ದೂರುದಾರರಿಗೆ ತಿಳಿಸಬೇಕು. ನಿಮ್ಮ ಕೇಸಿನಲ್ಲಿ ಯಾವುದು ಆಗಲಿಲ್ಲ ಅಂತ ದಿನಾಂಕ ಸಮೇತ ಒಂದು ಹಾಳೆಯಲ್ಲಿ ಬರೆದು ಎಸ್‌ಪಿ ಕಚೇರಿಗೆ ಕೊಡಿ, ಸ್ವೀಕೃತಿ ಪಡೆಯಿರಿ. ಮುಂದಿನ ಬ್ಯಾಚಿಗೆ ಪಾಠ ಮಾಡುವವರಿಗೆ ಆ ಹಾಳೆ ತಲುಪಲಿ ಅಂತ ಕೆಳಗೆ ಒಂದು ಸಾಲು ಸೇರಿಸಿ.