ಬರ್ತೀನಿ ಅಂತ ಹೇಳಿ ಹೋದವರು

ಪ್ರಶ್ನೆ: ಹೊರಡುವಾಗ ‘ಹೋಗ್ತೀನಿ’ ಅಂದ್ರೆ ಅಜ್ಜಿ ಬೈತಾರೆ, ‘ಬರ್ತೀನಿ’ ಅನ್ನಬೇಕಂತೆ. ಹೋಗ್ತಾ ಇರೋನು ಬರ್ತೀನಿ ಅನ್ನೋದು ಸುಳ್ಳಲ್ವಾ?

ಉತ್ತರ: ಅಲ್ಲ. ನೀವು ಸುದ್ದಿ ಹೇಳುತ್ತಿಲ್ಲ, ಬೀಳ್ಕೊಳ್ಳುತ್ತಿದ್ದೀರಿ. ‘ನಮಸ್ಕಾರ’ ಅಂದವರಿಗೆ ಅದು ನಿಜವೋ ಸುಳ್ಳೋ ಅಂತ ಯಾರಾದರೂ ಕೇಳುತ್ತಾರಾ? ಇಂಗ್ಲೆಂಡಿನ ಚಿಂತಕ ಜೆ.ಎಲ್. ಆಸ್ಟಿನ್ 1955ರಲ್ಲಿ ಹಾರ್ವರ್ಡ್‌ನಲ್ಲಿ ಸಾಲು ಸಾಲು ಉಪನ್ಯಾಸ ಕೊಟ್ಟು ಹೇಳಿದ್ದು ಇದನ್ನೇ: ಕೆಲವು ಮಾತು ಏನನ್ನೋ ವರ್ಣಿಸೋದಿಲ್ಲ, ಒಂದು ಕೆಲಸ ಮಾಡುತ್ತದೆ. ನಿಮ್ಮ ಅಜ್ಜಿಗೆ ಇದು ಹಾರ್ವರ್ಡ್‌ಗೆ ಹೋಗದೆಯೇ ಗೊತ್ತು. ಆದರೆ ಹೊಸಬರಿಗೆ ಎಡವಟ್ಟಾಗುತ್ತದೆ. ಚಿಕ್ಕವನಿದ್ದಾಗ ಅಮ್ಮ ‘ದೀಪ ದೊಡ್ಡದು ಮಾಡು’ ಅಂದರು, ಅಂದರೆ ಆರಿಸು ಅಂತ. ನಾನು ಬತ್ತಿಯನ್ನು ಬೆರಳಲ್ಲಿ ಮುಂದಕ್ಕೆ ತಳ್ಳಿ ನಿಜಕ್ಕೂ ದೊಡ್ಡದು ಮಾಡಿದೆ, ಬೆರಳೂ ಸುಟ್ಟುಕೊಂಡೆ. ಪದಗಳ ಅರ್ಥ ನನಗೆ ಗೊತ್ತಿತ್ತು, ಅಮ್ಮನ ಮಾತಿನದು ಗೊತ್ತಿರಲಿಲ್ಲ.

ಪ್ರಶ್ನೆ: ಆಫೀಸಿನಲ್ಲಿ ಗೆಳೆಯರು ‘ನಾವು ಊಟಕ್ಕೆ ಹೋಗ್ತಿದ್ದೀವಿ’ ಅಂದರು. ನನ್ನನ್ನೂ ಕರೆದರಾ?

ಉತ್ತರ: ಕನ್ನಡದಲ್ಲಿ ಇದ್ದದ್ದೇ ತೊಂದರೆ. ತೆಲುಗಿನವರಿಗೆ ಎರಡು ‘ನಾವು’ ಇದೆ: ಕೇಳುವವರೂ ಸೇರಿದರೆ ‘ಮನಂ’, ಬಿಟ್ಟರೆ ‘ಮೇಮು’. ತಮಿಳಲ್ಲೂ ಹಾಗೇ, ‘ನಾಮ್’ ಮತ್ತು ‘ನಾಂಗಳ್’. ನಮಗೆ ಇರೋದು ಒಂದೇ, ಹಾಗಾಗಿ ಮುಖ ನೋಡಿ ತಿಳಿದುಕೊಳ್ಳಬೇಕು. ಹೇಳಿದವರು ನಿಮಗಾಗಿ ಬಾಗಿಲಲ್ಲಿ ನಿಂತಿದ್ದರಾ, ಇಲ್ಲ ಲಿಫ್ಟ್ ಒಳಗಿಂದ ಕೂಗಿ ಹೇಳಿದರಾ?